ಬೆರಳಚ್ಚು, ಪಡಿತರ ಮತ್ತು ಪುಟ್ಟಸ್ವಾಮಿಯವರ ಪ್ರಶ್ನೆ

ಊರು ಬಿಟ್ಟು ಬಂದವರಿಗೆ ಗುರುತಿನ ಪ್ರಶ್ನೆ ಹೊಸದಲ್ಲ. ತಂದೆಯ ಹೆಸರಿನದೊಂದು, ಊರಿನ ಹೆಸರಿನದೊಂದು ಅಕ್ಷರವನ್ನು ಹೆಸರಿನ ಮುಂದೆ ಹೊತ್ತು ಬಂದ ನಮ್ಮ ಹಿರಿಯರು ಠಾಣೆ, ಕಲ್ಯಾಣ, ಡೊಂಬಿವಲಿಯ ಅರ್ಜಿ ನಮೂನೆಗಳಲ್ಲಿ ‘ಆಡನಾವ್’ ಎಂಬ ಖಾನೆಯ ಎದುರು ತಡವರಿಸಿದರು. ಕೆಲವರು ಊರನ್ನೇ ಅಡ್ಡಹೆಸರಾಗಿಸಿಕೊಂಡರು, ಕೆಲವರು ತಂದೆಯ ಹೆಸರನ್ನು. ಹೀಗಾಗಿ ಒಬ್ಬನೇ ಮನುಷ್ಯ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಮತ್ತೊಂದು ಹೆಸರು ಹೊತ್ತು ಬಾಳಿದ. ಕಚೇರಿಯ ಗುಮಾಸ್ತ ಮುಖ ನೋಡಿ ಒಪ್ಪಿಕೊಳ್ಳುತ್ತಿದ್ದ ಕಾಲವೊಂದಿತ್ತು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಬೆರಳಚ್ಚನ್ನು ಆಡಳಿತದ ದಾಖಲೆಯಾಗಿಸುವ ಪದ್ಧತಿ ಬೆಳೆದದ್ದು ನಮ್ಮ ದೇಶದಲ್ಲಿಯೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ಗುತ್ತಿಗೆದಾರನೊಬ್ಬನಿಂದ ಕರಾರುಪತ್ರದ ಮೇಲೆ ಅಂಗೈ ಅಚ್ಚು ಒತ್ತಿಸಿಕೊಂಡನು. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿದಾರರ ಬೆರಳಚ್ಚನ್ನೂ ಪಡೆಯತೊಡಗಿದನು. ಸತ್ತವರ ಹೆಸರಿನಲ್ಲಿ ಇತರರು ಹಣ ಎತ್ತದಿರಲಿ ಎಂಬುದು ಅದರ ಉದ್ದೇಶ. ಇದೇ ಬೆರಳಚ್ಚು ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ 1906ರಲ್ಲಿ ಭಾರತೀಯರ ಮೇಲಿನ ಹೇರಿಕೆಯಾಯಿತು. ಗಾಂಧೀಜಿಯವರ ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ. ಗಮನಿಸಬೇಕಾದ ಅಂಶವೆಂದರೆ, 1908ರ ಆರಂಭದಲ್ಲಿ ಸ್ವಇಚ್ಛೆಯ ನೋಂದಣಿಯ ಒಪ್ಪಂದವಾದಾಗ ಅವರು ತಾವೇ ಬೆರಳಚ್ಚು ನೀಡಿದರು. ಕಾನೂನು ರದ್ದಾಗದೆ ಉಳಿದಾಗ ಅದೇ ವರ್ಷದ ಆಗಸ್ಟ್ 16ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಆ ಪತ್ರಗಳನ್ನು ಸುಡಿಸಿದರು. ಅವರ ವಿರೋಧವಿದ್ದದ್ದು ಬೆರಳಚ್ಚಿಗಲ್ಲ, ಬಲವಂತಕ್ಕೆ.

ನೂರು ವರ್ಷಗಳ ನಂತರ ಈ ಕಥೆ ಬೆಂಗಳೂರಿಗೆ ಬಂತು. 2009ರ ಜನವರಿಯಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಮೊದಲ ಆಧಾರ್ ಸಂಖ್ಯೆಯನ್ನು ನೀಡಿದ್ದು ನಾವು ನೆಲೆಸಿರುವ ಈ ಮಹಾರಾಷ್ಟ್ರದಲ್ಲಿ, 2010ರ ಸೆಪ್ಟೆಂಬರ್ 29ರಂದು, ನಂದುರಬಾರ್ ಜಿಲ್ಲೆಯ ಟೆಂಭಲಿ ಎಂಬ ಬುಡಕಟ್ಟು ಗ್ರಾಮದಲ್ಲಿ. ಯಾವ ದಾಖಲೆಯೂ ಇಲ್ಲದ ಬಡವನಿಗೆ ಸರ್ಕಾರದ ಬಾಗಿಲು ತೆರೆಯಬೇಕೆಂಬ ಆಶಯ ಅದರ ಹಿಂದಿತ್ತು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಪ್ರಶ್ನೆ ಎತ್ತಿದವರೂ ಬೆಂಗಳೂರಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಗುರುತಿನ ಪ್ರಾಧಿಕಾರದ ಮಸೂದೆಯನ್ನು ಸಂಸತ್ತಿನ ಸ್ಥಾಯೀ ಸಮಿತಿ 2011ರಲ್ಲಿಯೇ ಒಪ್ಪದೆ ಹಿಂದಿರುಗಿಸಿತ್ತು. ಕಾನೂನಿನ ಬೆಂಬಲವಿಲ್ಲದೆ ಕೋಟ್ಯಂತರ ಜನರ ಬೆರಳು, ಕಣ್ಣುಗಳ ಗುರುತು ಸಂಗ್ರಹಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಆಧಾರ್ ಇಲ್ಲವೆಂದು ಯಾರಿಗೂ ತೊಂದರೆಯಾಗಬಾರದೆಂದು 2013ರ ಸೆಪ್ಟೆಂಬರ್ 23ರಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. 2016ರಲ್ಲಿ ಧನ ವಿಧೇಯಕದ ರೂಪದಲ್ಲಿ ಕಾನೂನು ಬಂತು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂಬ ವಾದವನ್ನು ಸರ್ಕಾರ ಮುಂದಿಟ್ಟಿದ್ದರಿಂದ ಪ್ರಕರಣ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಬೆಳೆಯಿತು. 2017ರ ಆಗಸ್ಟ್ 24ರಂದು ಆ ಪೀಠ ಒಮ್ಮತದಿಂದ ನೀಡಿದ ಉತ್ತರ: ಖಾಸಗಿತನ ಮೂಲಭೂತ ಹಕ್ಕು.

ಅದೇ ವರ್ಷದ ಜುಲೈ ತಿಂಗಳನ್ನು ಮರೆಯಬಾರದು. ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗದ ಕಾರಣ ಪಡಿತರ ನಿಂತಿತ್ತು, ಹಸಿವೇ ಸಾವಿಗೆ ಕಾರಣ ಎಂದು ನಾಗರಿಕ ಹಕ್ಕುಗಳ ಕಾರ್ಯಕರ್ತರು ವರದಿ ಮಾಡಿದರು. ಆಡಳಿತ ಅದನ್ನು ನಿರಾಕರಿಸಿತು. ಖಾಸಗಿತನವು ಉಳ್ಳವರ ಚಿಂತೆ, ಪಡಿತರ ಬಡವರ ಚಿಂತೆ ಎಂದು ಬೇರ್ಪಡಿಸುವವರಿಗೆ ಗೋಕರ್ಣ ಮತ್ತು ದೆಹಲಿ ದೂರದ ಊರುಗಳು. ನಮಗೆ ಹಾಗೆ ತೋರುವುದಿಲ್ಲ. ಎರಡು ಕಡೆಯೂ ಕೇಳಿದ್ದು ಒಂದೇ ಪ್ರಶ್ನೆ: ತನಗೆ ಸಲ್ಲಬೇಕಾದುದನ್ನು ಪಡೆಯಲು ಪ್ರಜೆ ಏನನ್ನು ಒಪ್ಪಿಸಬೇಕು, ಮತ್ತು ಯಂತ್ರ ‘ಇಲ್ಲ’ ಎಂದರೆ ಹೊಣೆ ಯಾರದು?

2018ರ ಸೆಪ್ಟೆಂಬರ್ 26ರ ತೀರ್ಪು ನಾಲ್ಕು–ಒಂದು ಬಹುಮತದಿಂದ ಆಧಾರನ್ನು ಎತ್ತಿಹಿಡಿಯಿತು. ಬ್ಯಾಂಕ್ ಖಾತೆಗೂ ಮೊಬೈಲಿಗೂ ಕಡ್ಡಾಯ ಜೋಡಣೆ ಸಲ್ಲದೆಂದಿತು. ಸಹಾಯಧನಕ್ಕೂ ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಗೂ ಒಪ್ಪಿತು. ಬೆರಳು ಹೊಂದಲಿಲ್ಲವೆಂದು ಅರ್ಹರಿಗೆ ಸವಲತ್ತು ತಪ್ಪಬಾರದೆಂದೂ ಹೇಳಿತು. ಭಿನ್ನಮತದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಧನ ವಿಧೇಯಕದ ದಾರಿಯನ್ನೇ ಸಂವಿಧಾನಬಾಹಿರವೆಂದರು.

ಈ ತೀರ್ಪು ನಮ್ಮ ಪರಿಸರಕ್ಕೆ ಇಳಿದು ಬರುವುದು ಹೇಗೆ? ಕಲಬುರಗಿ, ವಿಜಯಪುರದಿಂದ ಬಂದು ನವಿಮುಂಬಯಿಯ ಕಟ್ಟಡಗಳಲ್ಲಿ ದುಡಿಯುವ ಕನ್ನಡಿಗನಿಗೆ ತನ್ನೂರಿನ ಪಡಿತರ ಇಲ್ಲಿಯೇ ಸಿಗುವ ವ್ಯವಸ್ಥೆ 2020ರ ಜನವರಿಯಲ್ಲಿ ಆರಂಭವಾಯಿತು. ಅದರ ಬುನಾದಿ ಆಧಾರ್. ಇದು ದೊಡ್ಡ ಉಪಕಾರ. ಆದರೆ ಸಿಮೆಂಟು, ಇಟ್ಟಿಗೆ ತಿಂದುಹಾಕಿದ ಬೆರಳನ್ನು ಯಂತ್ರ ಗುರುತಿಸದ ದಿನ ಅವನ ಪರವಾಗಿ ಮಾತನಾಡುವವರು ಯಾರು? ಮರಾಠಿ ಬಾರದವನು ಯಾವ ಕಚೇರಿಯಲ್ಲಿ, ಯಾವ ಭಾಷೆಯಲ್ಲಿ ತಾನೇ ತಾನೆಂದು ಹೇಳಬೇಕು? ಅತ್ತ ನಮ್ಮ ವಸತಿ ಸಂಕೀರ್ಣಗಳಲ್ಲಿ ಬಾಡಿಗೆದಾರನ, ಮನೆಗೆಲಸದವಳ ಆಧಾರ್ ಪ್ರತಿಗಳು ಯಾವ ಬೀರುವಿನಲ್ಲಿ ಕೂತಿವೆಯೋ ಕೇಳುವವರಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರವೇ ಒದಗಿಸುತ್ತದೆ. ನಾವು ಅದನ್ನು ಕೇಳುವುದೂ ಕಡಿಮೆ, ಕೊಡುವುದೂ ಕಡಿಮೆ.

ಸರ್ಕಾರಿ ಕಚೇರಿಯ ಒಳಗಿರುವವರಾಗಿ ನಾವು ಬಲ್ಲೆವು: ಕಳವು ತಡೆಯಲು ಗುರುತು ಬೇಕು. ಆದರೆ ಕಳ್ಳನನ್ನು ಹಿಡಿಯಲೆಂದು ಹಾಕಿದ ಬೀಗದ ಕೈ ಮನೆಯವನ ಬಳಿಯೂ ಇರಬೇಕು. ಮೇಜಿನ ಆಚೆಗೆ ನಿಂತವನು ಸಾಬೀತುಪಡಿಸುವುದಕ್ಕಿಂತ, ನಿರಾಕರಿಸುವ ಮೇಜು ತನ್ನ ಕಾರಣವನ್ನು ಬರೆದು ಕೊಡುವುದು ಮೊದಲಾಗಬೇಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಹೆಸರು ಇಂದು ದೇಶದ ನ್ಯಾಯಾಲಯಗಳಲ್ಲೆಲ್ಲ ಒಂದು ಹಕ್ಕಿನ ಹೆಸರಾಗಿ ಉಳಿದಿದೆ. ಪಡಿತರದಂಗಡಿಯ ಸಾಲಿನಲ್ಲಿ ನಿಂತವನಿಗೂ ಆ ಹಕ್ಕು ತಲುಪಿದಾಗ ಅವರ ಪ್ರಶ್ನೆಗೆ ಪೂರ್ಣ ಉತ್ತರ ದೊರೆತಂತೆ.