ಪ್ರಶಸ್ತಿ ರಾತ್ರಿಯ ಕೂಟ (ಕುವೈತ್)

ಸಿನಿಮಾ ಪ್ರಶಸ್ತಿ ಸಮಾರಂಭದ, ಮುಖ್ಯವಾಗಿ ಆಸ್ಕರ್‌ನ, ನೇರಪ್ರಸಾರವನ್ನು ಗೆಳೆಯರು ವರ್ಷಕ್ಕೊಮ್ಮೆ ಒಂದೇ ಮನೆಯಲ್ಲಿ ಸೇರಿ ನೋಡುವ ರೂಢಿ. ಹೆಸರಿಗಷ್ಟೇ ರಾತ್ರಿ, ಕುವೈತಿನಲ್ಲಿ ಅದು ಸೋಮವಾರದ ನಸುಕು. ಲಾಸ್ ಏಂಜಲೀಸ್‌ಗಿಂತ ಕುವೈತಿನ ಗಡಿಯಾರ ಹತ್ತು ಹನ್ನೊಂದು ಗಂಟೆ ಮುಂದಿದೆ. ಅಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ಕಾರ್ಯಕ್ರಮ ಶುರುವಾದರೆ ಇಲ್ಲಿ ಬೆಳಗಿನ ಜಾವ ಎರಡೋ ಮೂರೋ ಆಗಿರುತ್ತದೆ. 2007ರಿಂದ ಇಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಹಾಗಾಗಿ ಕೂಟ ಮುಗಿಸಿದವರು ಮುಖ ತೊಳೆದು ನೇರ ಡ್ಯೂಟಿಗೆ ಹೊರಡಬೇಕು.

ಕೂಟದ ಜೀವಾಳ ಊಹೆಯ ಚೀಟಿ. ಯಾರಿಗೆ ಯಾವ ಪ್ರಶಸ್ತಿ ಎಂದು ಎಲ್ಲರೂ ಮೊದಲೇ ಬರೆದಿಟ್ಟು, ಹೆಚ್ಚು ಸರಿ ಬರೆದವರು ಗೆಲ್ಲುವ ಆಟ. ಮೊದಲ ಆಸ್ಕರ್‌ನಲ್ಲಿ ಇದಕ್ಕೆ ಎಡೆಯೇ ಇರಲಿಲ್ಲ. 1929ರ ಮೇ 16ರಂದು ರೂಸ್‌ವೆಲ್ಟ್ ಹೋಟೆಲಿನಲ್ಲಿ ಹದಿನೈದು ನಿಮಿಷದಲ್ಲಿ ಪ್ರಶಸ್ತಿ ಹಂಚಿ ಮುಗಿಸಿದರು. ವಿಜೇತರ ಹೆಸರು ಮೂರು ತಿಂಗಳ ಹಿಂದೆಯೇ ಪ್ರಕಟವಾಗಿತ್ತು. ಆಮೇಲೆ ಪತ್ರಿಕೆಗಳಿಗೆ ಪಟ್ಟಿಯನ್ನು ಮುಂಚಿತವಾಗಿ ಕೊಡುವ ಪದ್ಧತಿ ಬಂತು. 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಸಮಾರಂಭಕ್ಕೆ ಮೊದಲೇ ಅದನ್ನು ಅಚ್ಚು ಹಾಕಿಬಿಟ್ಟಿತು. ಮರುವರ್ಷದಿಂದ ಮೊಹರು ಮಾಡಿದ ಲಕೋಟೆ. 1953ರಲ್ಲಿ ಟಿವಿ ಪ್ರಸಾರವೂ ಸೇರಿಕೊಂಡಿತು. ಗುಟ್ಟು ಮತ್ತು ಟಿವಿ, ಇವೆರಡೂ ಇಲ್ಲದಿದ್ದರೆ ನಿದ್ದೆಗೆಡಲು ಕಾರಣವೇ ಇರುತ್ತಿರಲಿಲ್ಲ.

ಕುವೈತಿಗೆ ಸೇರಿ ಕೂರುವುದು ಹೊಸತಲ್ಲ. ಇಲ್ಲಿನ ಮನೆಗಳ ದಿವಾನಿಯಾ, ಅಂದರೆ ಗಂಡಸರು ಸಂಜೆ ಕಲೆತು ಚಹಾ ಕುಡಿಯುತ್ತ ಹರಟುವ ಚಾವಡಿ, ಎಣ್ಣೆ ಸಿಗುವುದಕ್ಕೂ ಹಿಂದಿನದು. ಸಿನಿಮಾ ಬಂದದ್ದು ತಡವಾಗಿ: ಕುವೈತ್ ನ್ಯಾಷನಲ್ ಸಿನಿಮಾ ಕಂಪನಿ 1954ರಲ್ಲಿ, ಟೆಲಿವಿಷನ್ 1961ರಲ್ಲಿ. ಖಾಲಿದ್ ಅಲ್ ಸಿದ್ದಿಕ್ ಅವರ ‘ಬಸ್ ಯಾ ಬಹರ್’ (1972) ದೇಶದ ಮೊದಲ ಕಥಾಚಿತ್ರ. ಮುತ್ತಿಗಾಗಿ ಕಡಲಿಗೆ ಮುಳುಗುವವರ ಕಥೆ. ಕುವೈತ್ ಆಸ್ಕರ್‌ಗೆ ಕಳುಹಿಸಿದ ಮೊದಲ ಚಿತ್ರವೂ ಅದೇ. ನಾಮನಿರ್ದೇಶನ ಸಿಗಲಿಲ್ಲ.

ವಲಸಿಗರ ಕೂಟ ದಿವಾನಿಯಾಕ್ಕಿಂತ ಸಣ್ಣದು. ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್‌ನ ಫ್ಲ್ಯಾಟುಗಳಲ್ಲಿ ಪಕ್ಕದ ಮನೆಯವರು ಏಳದಂತೆ ಟಿವಿಯ ಸದ್ದು ತಗ್ಗಿಸಿ, ಚೀಟಿಗಳು ಹಾರದಂತೆ ಮೇಲೆ ಚಹಾದ ಲೋಟ ಇಟ್ಟು ಕೂರುವುದು. ಮದ್ಯ ನಿಷೇಧವಿರುವ ನಾಡು. ಫ್ಲಾಸ್ಕಿನಲ್ಲಿರುವುದು ಕಡಕ್ ಚಹಾ.

2003ರ ಸಮಾರಂಭ ನಡೆದದ್ದು ಇರಾಕ್ ಯುದ್ಧ ಶುರುವಾದ ನಾಲ್ಕನೇ ದಿನ. ಕ್ಷಿಪಣಿಯ ಭಯಕ್ಕೆ ಕುವೈತಿನಲ್ಲಿ ಸೈರನ್ ಮೊಳಗುತ್ತಿದ್ದ ದಿನಗಳವು. ಶ್ರೇಷ್ಠ ನಟ ಪ್ರಶಸ್ತಿ ಪಡೆದ ಏಡ್ರಿಯನ್ ಬ್ರೋಡಿ ವೇದಿಕೆಯಲ್ಲಿ ಕುವೈತಿನಲ್ಲಿದ್ದ ತನ್ನ ಸೈನಿಕ ಗೆಳೆಯನನ್ನು ನೆನೆದರು. ಆಸ್ಕರ್ ವೇದಿಕೆಯ ಮೇಲೆ ಕುವೈತಿನ ಹೆಸರು ಅಷ್ಟು ಭಾರವಾಗಿ ಕೇಳಿಸಿದ ರಾತ್ರಿ ಇನ್ನೊಂದು ಇರಲಾರದು.

2009ರಲ್ಲಿ ಎ. ಆರ್. ರೆಹಮಾನ್, ರಸೂಲ್ ಪೂಕುಟ್ಟಿ, 2023ರಲ್ಲಿ ‘ನಾಟು ನಾಟು’ ಹಾಡು ಗೆದ್ದ ಆಸ್ಕರ್‌ಗಳು: ಭಾರತೀಯರ ಮನೆಗಳಲ್ಲಿ ಸದ್ದು ತಗ್ಗಿಸುವ ನಿಯಮ ಮುರಿಯಲು ಇವು ಸಾಕು. 2024ರದ್ದು ಬೇರೆ ರೀತಿ. ಮಾರ್ಚ್ 11ರ ಬೆಳಗಿನ ಜಾವ ಎರಡಕ್ಕೆ ಪ್ರಸಾರ ಆರಂಭವಾದಾಗ ಆ ವರ್ಷದ ರಂಜಾನಿನ ಮೊದಲ ಸಹರಿಯ (ನಸುಕಿನ ಊಟದ) ಹೊತ್ತು. ಉಪವಾಸ ಹಿಡಿಯುವವರು ಹೇಗೂ ಎದ್ದೇ ಇರಬೇಕಾಗಿತ್ತು. ‘ಬಾರ್ಬಿ’ ಚಿತ್ರವನ್ನು ಕುವೈತ್ ಹಿಂದಿನ ಆಗಸ್ಟಿನಲ್ಲಿ ನಿಷೇಧಿಸಿತ್ತು. ಥಿಯೇಟರಿಗೆ ಬಾರದ ಆ ಚಿತ್ರಕ್ಕೆ ಎಂಟು ನಾಮನಿರ್ದೇಶನ, ಶ್ರೇಷ್ಠ ಗೀತೆಯ ಪ್ರಶಸ್ತಿ.

ಕನ್ನಡಿಗರಿಗೆ ಹತ್ತಿರದ್ದು ದಕ್ಷಿಣ ಭಾರತದ ಸಿನಿಮಾಗಳ ಪ್ರಶಸ್ತಿ ಸೈಮಾ. 2012ರಲ್ಲಿ ದುಬೈನಲ್ಲೇ ಹುಟ್ಟಿದ್ದು. 2019ರಲ್ಲಿ ದೋಹಾದಲ್ಲಿ ‘ಕೆಜಿಎಫ್’ಗಾಗಿ ಯಶ್ ಶ್ರೇಷ್ಠ ನಟರಾದರು. ಆದರೆ ಅದು ಕೂಟಕ್ಕೆ ಒಗ್ಗುವುದಿಲ್ಲ. ಟಿವಿಯಲ್ಲಿ ಬರುವುದು ವಾರಗಟ್ಟಲೆ ತಡವಾಗಿ, ಕತ್ತರಿಸಿ ಜೋಡಿಸಿದ ರೂಪದಲ್ಲಿ. ಫಲಿತಾಂಶ ಅಷ್ಟರಲ್ಲಿ ಎಲ್ಲರ ಮೊಬೈಲಿಗೆ ಬಂದಿರುತ್ತದೆ. ಚೀಟಿ ಬರೆಯುವುದು ಯಾತಕ್ಕೆ?

ಆಸ್ಕರ್ ಚೀಟಿಯಲ್ಲಿ ಕನ್ನಡ ಹುಡುಕುವವರಿಗೆ ಸಿಗುವುದು ಕಡಿಮೆ. 2023ರ ಜನವರಿಯಲ್ಲಿ ‘ಕಾಂತಾರ’ ಇದ್ದದ್ದು 301 ಅರ್ಹ ಚಿತ್ರಗಳ ಪಟ್ಟಿಯಲ್ಲಿ, ಅದನ್ನೇ ನಾಮನಿರ್ದೇಶನ ಎಂದುಕೊಂಡು ಹಲವರು ಸಂಭ್ರಮಿಸಿದರು. ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಹದಿನಾರು ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಹುಂಜ ಕದ್ದೊಯ್ದು ಊರಿಗೆ ಬೆಳಗೇ ಆಗದಿರುವ ಕಥೆ ಅದು. ಆಸ್ಕರ್‌ಗೆ ಅರ್ಹತೆ ಗಳಿಸಿತಾದರೂ ಕೊನೆಯ ಪಟ್ಟಿ ಮುಟ್ಟಲಿಲ್ಲ. ಭಾರತ ಅಧಿಕೃತವಾಗಿ ಆಸ್ಕರ್‌ಗೆ ಕಳುಹಿಸಿದ ಚಿತ್ರಗಳಲ್ಲಿ 2024ರವರೆಗೆ ಕನ್ನಡದ್ದು ಒಂದೂ ಇಲ್ಲ.