ಅಜ್ಜನ ಡೆಸ್ಕು, ನನ್ನ ನಡ

ಹಮ್ಮಿಗಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ನೆಲದಿಂದ ಎರಡು ಮೊಳಕ್ಕೆ ಸ್ವಲ್ಪ ಕಡಿಮೆ ಎತ್ತರದಲ್ಲಿ ಗೋಡೆಯ ಮೇಲೊಂದು ಕಪ್ಪು ಕಲೆ ಇದೆ. ಪ್ರತಿ ದೀಪಾವಳಿಗೆ ಸುಣ್ಣ ಹೊಡೆದು ಮುಚ್ಚುತ್ತೇವೆ, ಮಳೆಗಾಲಕ್ಕೆ ಅದು ಮತ್ತೆ ಮೇಲೇಳುತ್ತದೆ. ಅದು ಅಜ್ಜನ ತಲೆಯ ಎಣ್ಣೆ ಹತ್ತಿದ ಕಲೆ. ಆತ ಈ ಊರಿನ ಕುಲಕರ್ಣಿ. ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತು ಊರಿನ ಲೆಕ್ಕ ಬರೆದವ. ಹೆಚ್ಚು ಕಡಿಮೆ ಅದೇ ಕೆಲಸವನ್ನು ನಾನು ಸರಕಾರದ ಗ್ರಾಮ ಲೆಕ್ಕಾಧಿಕಾರಿಯಾಗಿ 1985ರಿಂದ 2022ರವರೆಗೆ ಮುಂಡರಗಿ ತಾಲೂಕಿನಲ್ಲಿ ಮಾಡಿದೆ. ಅಜ್ಜ ಕಲೆ ಬಿಟ್ಟುಹೋದ. ನಾನು ನಡನೋವು ಹೊತ್ತುಕೊಂಡು ಮನೆಗೆ ಬಂದೆ. ನಿವೃತ್ತಿಯ ನಂತರ ಆ ಕಲೆಯ ಎದುರು ಕೂತಾಗಲೆಲ್ಲ ಇದೇ ಯೋಚನೆ: ಒಂದೇ ಕೆಲಸ, ಎರಡು ಬೆನ್ನು, ಇಷ್ಟು ಫರಕು ಹೇಗೆ?

ಅಜ್ಜನ ಡೆಸ್ಕು ಇನ್ನೂ ಇದೆ. ಸಾಗವಾನಿಯದು, ಒಂದೂವರೆ ಗೇಣು ಎತ್ತರ. ಮುಚ್ಚಳ ಬರೆಯುವವನ ಕಡೆಗೆ ಇಳಿಜಾರಾಗಿದೆ. ಮೇಲಂಚಿನಲ್ಲಿ ಟಾಕು ಉರುಳದಂತೆ ಕೊರೆದ ಗೀರು, ಮಸಿಕುಡಿಕೆ ಕೂಡ್ರಿಸಲು ದುಂಡನೆಯ ಗುಳಿ. ಒಳಗೆ ಆಗ ಕೆಂಪು ಅರಿವೆಯಲ್ಲಿ ಕಟ್ಟಿದ ದಫ್ತರ ಇರುತ್ತಿತ್ತು. ಕುಲಕರ್ಣಿಕೆ ಹೋದ ಮೇಲೂ ಅಜ್ಜ ಊರವರ ಅರ್ಜಿ ಬರೆದುಕೊಡುತ್ತಿದ್ದ, ಆತ ಕೂಡ್ರುವ ರೀತಿ ನನಗೆ ಚೆನ್ನಾಗಿ ನೆನಪಿದೆ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ಕೂಡುವುದು. ಸ್ವಲ್ಪ ಹೊತ್ತಿಗೆ ಕಾಲು ಅದಲು ಬದಲು. ನಾಲ್ಕು ಸಾಲು ಬರೆದು, ಮಸಿ ಆರಲೆಂದು ಹಿಂದಕ್ಕೆ ಒರಗುವುದು. ಗೋಡೆಯ ಕಲೆ ಆದದ್ದು ಬರೆಯುವಾಗ ಅಲ್ಲ, ಮಸಿ ಆರುವ ಹೊತ್ತಿನಲ್ಲಿ.

ಈ ಭಾಗದಲ್ಲಿ ಬರೆಯುವವರಿಗೆ ಮೊದಲು ಡೆಸ್ಕೂ ಇರಲಿಲ್ಲ. ತಾಳೆಗರಿಯನ್ನು ಎಡಗೈಯಲ್ಲಿ ಹಿಡಿದು ಕಂಠವೆಂಬ ಮೊನಚು ಲೇಖನಿಯಿಂದ ಕೊರೆಯುತ್ತಿದ್ದರು. ಗದುಗಿನ ವೀರನಾರಾಯಣ ಗುಡಿಗೆ ಹೋದವರಿಗೆ ಒಂದು ಕಂಬ ತೋರಿಸಿ, ಕುಮಾರವ್ಯಾಸ ಇದರ ಬುಡದಲ್ಲಿ ಕೂತು ಭಾರತ ಬರೆದ ಎನ್ನುತ್ತಾರೆ. ಐತಿಹ್ಯ ಇರಬಹುದು, ಆದರೆ ಬರೆಯುವವನಿಗೆ ಬೆನ್ನಾಸರೆ ಬೇಕೆಂಬುದು ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು. ಲೆಕ್ಕಪತ್ರಕ್ಕೆ ಬಳಕೆಯಲ್ಲಿದ್ದದ್ದು ಕಡತ. ಅರಿವೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಪುಸ್ತಕ ಅದು. ಇಂದಿಗೂ ಕಚೇರಿಯ ಫೈಲಿಗೆ ನಾವು ಕಡತ ಎನ್ನುವುದು ಅದರಿಂದಲೇ.

ಬ್ರಿಟಿಷರ ಮುಂಬಯಿ ಸರಕಾರ ಬಂದು ಬರವಣಿಗೆ ಹೆಚ್ಚಿತು. ಹೊಲ ಅಳೆದು ಸರ್ವೆ ನಂಬರು ಕೊಟ್ಟರು. 1903ರ ಕಾಯ್ದೆಯಿಂದ ಯಾರ ಹಕ್ಕು ಯಾವುದೆಂಬ ದಾಖಲೆ ಊರೂರಿಗೆ ಬಂತು. ಆದರೂ ಕುಲಕರ್ಣಿಯ ಅರ್ಧ ಕೆಲಸ ಕಾಲಿನದೇ ಆಗಿತ್ತು. ಪಹಣಿ ಎಂಬ ಮಾತನ್ನೇ ನೋಡಿ. ಇಂದು ಪಹಣಿ ಎಂದರೆ ಕಾಗದ. ಮರಾಠಿಯಿಂದ ಬಂದ ಆ ಮಾತಿನ ಅರ್ಥ ಹೋಗಿ ನೋಡುವುದು. ಮುಂಗಾರಿ, ಹಿಂಗಾರಿ ಹಂಗಾಮಿನಲ್ಲಿ ಎರಿ ಹೊಲದ ಬದು ತುಳಿದು, ಯಾವ ನಂಬರಿನಲ್ಲಿ ಜೋಳ, ಯಾವುದರಲ್ಲಿ ಹತ್ತಿ ಎಂದು ಕಣ್ಣಾರೆ ಕಂಡು ಬರೆಯಬೇಕಿತ್ತು. ನಾನು ನೌಕರಿಗೆ ಸೇರುತ್ತೇನೆಂದಾಗ ಅಪ್ಪ ಅಜ್ಜನ ಮಾತು ನೆನಪಿಸಿದ್ದ: “ಹೊಲಾ ನೋಡದ ಬರದರ ಅದು ಪಹಣಿ ಅಲ್ಲ, ಹರಟಿ.” ಎಲ್ಲ ಕುಲಕರ್ಣಿಗಳೂ ಹಾಗೆ ನಡೆದು ನೋಡಿದರು ಎನ್ನಲಾರೆ. ಕೂತಲ್ಲೇ ಬರೆದು ಊರನ್ನು ಹೆದರಿಸಿದವರೂ ಇದ್ದರು.

ಹಾಗಂತ ನೆಲದ ಮೇಲೆ ಕೂತವರಿಗೆ ನೋವೇ ಇರಲಿಲ್ಲ ಎಂದಲ್ಲ. ವರ್ಷದ ಕಂದಾಯ ಲೆಕ್ಕದ ತಪಾಸಣೆಯಾದ ಜಮಾಬಂದಿ ಹತ್ತಿರ ಬಂದಾಗ ಅಜ್ಜ ಕಂದೀಲಿನ ಬೆಳಕಿನಲ್ಲಿ ಒಂದೇ ಸಮನೆ ಬಗ್ಗಿ ಬರೆಯುತ್ತಿದ್ದನಂತೆ. ಆಗ ಅಜ್ಜಿ ಲಕ್ಕಿ ಸೊಪ್ಪು ಕುದಿಸಿದ ನೀರು ಹಾಕಿ, ಬಿಸಿ ಉಸುಕಿನ ಗಂಟಿನಿಂದ ನಡಕ್ಕೆ ಕಾವು ಕೊಡುತ್ತಿದ್ದಳು. ಇಟಲಿಯ ವೈದ್ಯ ರಾಮಾಝಿನಿ 1713ರಲ್ಲೇ ಗುಮಾಸ್ತರ ಕಾಯಿಲೆಗೆ ಮೂರು ಕಾರಣ ಬರೆದಿಟ್ಟಿದ್ದಾನೆ: ಸದಾ ಕೂತಿರುವುದು, ಕೈ ಒಂದೇ ರೀತಿ ಆಡುತ್ತಿರುವುದು, ತಪ್ಪಾದೀತೆಂಬ ಚಿಂತೆ. ಜಮಾಬಂದಿಯ ತಿಂಗಳಲ್ಲಿ ಅಜ್ಜನಿಗೆ ಮೂರೂ ಇದ್ದವು.

1950ರ ಕಾಯ್ದೆ ವಂಶಪಾರಂಪರ್ಯದ ಕುಲಕರ್ಣಿ ವತನ ರದ್ದು ಮಾಡಿತು. ಮರುವರ್ಷ ಅಜ್ಜನ ದಫ್ತರ ಪಗಾರದ ತಲಾಠಿಯ ಕೈಗೆ ಹೋಯಿತು. ಡೆಸ್ಕು ಮನೆಯಲ್ಲಿ ಉಳಿಯಿತು. ಚಾವಡಿಗೆ ಟೇಬಲ್ಲು, ಕುರ್ಚಿ ಬಂದವು. ನಾನು ಸೇರಿದಾಗಲೂ ಕಾಲಿನ ಕೆಲಸ ಇತ್ತು. ಸೈಕಲ್ ಮೇಲೆ ಹೊಳೆದಂಡೆಯ ಊರುಗಳನ್ನು ಸುತ್ತಿ ಬರುತ್ತಿದ್ದೆ. ನಡ ಇದೆಯೆಂಬುದೇ ಗೊತ್ತಿರಲಿಲ್ಲ.

ಆಮೇಲೆ ಸರಕಾರದ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿ ನಿಂತಿತು. ರೈತನಿಗೆ ದೊಡ್ಡ ಉಪಕಾರ. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ಕಿಟಕಿಯ ಒಳಗೆ ಕೂತವ ನಾನು. ಕಚೇರಿಯ ಹೆಸರು ಬೇಡ. ಕುರ್ಚಿಯ ಬೆನ್ನು ಮುರಿದಿತ್ತು, ಟೇಬಲ್ಲು ಎದೆಮಟ್ಟ, ಮಾನಿಟರು ಓರೆಗೆ. ಹೊರಗೆ ಸರತಿ, ಒಳಗೆ ಬಗ್ಗಿದ ನಾನು. ಮಸಿ ಆರಲಿ ಎಂದು ಕಾಯುವ ಹೊತ್ತೇ ಇಲ್ಲ. ಮೂರನೆಯ ವರ್ಷಕ್ಕೆ ಎದ್ದು ನಿಲ್ಲಲು ಟೇಬಲ್ಲಿನ ಅಂಚು ಹಿಡಿಯಬೇಕಾಯಿತು.

ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, “ಸಾಹೇಬ್ರ, ಒಂದ ತಾಸಿಗೆ ಎಷ್ಟ ಸಲ ಏಳ್ತೀರಿ?” ಎಂದರು. ಊಟಕ್ಕೆ ಎಂದೆ. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯ 1960ರ ದಶಕದಲ್ಲಿ ಬೆನ್ನೆಲುಬಿನ ಬಿಲ್ಲೆಗೇ ಸೂಜಿ ಇಳಿಸಿ ಒತ್ತಡ ಅಳೆದು, ನಿಂತಾಗಿಗಿಂತ ಮುಂದೆ ಬಾಗಿ ಕೂತಾಗ ಒತ್ತಡ ಹೆಚ್ಚು ಎಂದು ತೋರಿಸಿದ್ದನ್ನು ಅವರೇ ಹೇಳಿದ್ದು. ಹಿಂದೆ ಒರಗಿದರೆ ಅದು ಇಳಿಯುತ್ತದಂತೆ. ನನಗೆ ಗೋಡೆಯ ಕಲೆ ನೆನಪಾಯಿತು.

ಮರುದಿನ ಎರಡು ರದ್ದಿ ರಿಜಿಸ್ಟರುಗಳ ಮೇಲೆ ಮಾನಿಟರು ಏರಿಸಿ, ಅದರ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದೆ. ಮೊಣಕೈ ಟೇಬಲ್ಲಿನ ಸಮಕ್ಕೆ ಬರುವಂತೆ ಕುರ್ಚಿಗೆ ದಿಂಬು ಹಾಕಿದೆ, ತೂಗುವ ಕಾಲಿನ ಕೆಳಗೆ ಎರಡು ಇಟ್ಟಂಗಿ. ಕುರ್ಚಿ ಬದಲಿಸಿಕೊಂಡು, ನಡದ ಕೊಂಕಿಗೆ ಟವೆಲ್ಲಿನ ಸುರುಳಿ ಇಟ್ಟೆ. ಅರ್ಧ ತಾಸಿಗೊಮ್ಮೆ ಎದ್ದು ರೆಕಾರ್ಡ್ ರೂಮಿನವರೆಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಟೇಬಲ್ಲಿನ ಅಂಚು ಹಿಡಿಯುವುದು ತಪ್ಪಿತು. ಇವುಗಳಲ್ಲಿ ಹೆಚ್ಚು ಗುಣ ಕೊಟ್ಟದ್ದು ಆ ಓಡಾಟವೇ.

ಈಗ ಬೆಳೆ ಸಮೀಕ್ಷೆಗೂ ಮೊಬೈಲ್ ಆ್ಯಪ್ ಬಂದಿದೆ. ಆದರೆ ಫೋಟೊ ತೆಗೆಯಲು ಹೊಲಕ್ಕೆ ಹೋಗಲೇಬೇಕು. ನಾನು ಈಗ ಮುಂಜಾನೆ ಹಮ್ಮಿಗಿ ಬ್ಯಾರೇಜಿನತನಕ ನಡೆದು, ತುಂಗಭದ್ರೆಯ ನೀರು ಎಷ್ಟಿದೆ ನೋಡಿ ಬರುತ್ತೇನೆ. ಇದನ್ನು ಕೂತು ಓದುತ್ತಿರುವ ನೀವೂ ಒಮ್ಮೆ ಎದ್ದು, ಕಿಟಕಿಯ ಆಚೆ ಏನಿದೆಯೋ ಅದರ ಪಹಣಿ ಮಾಡಿ ಬನ್ನಿ.