ಪಟದ ಬೆಲೆ

ಭೀಮೆಯ ದಂಡೆಯ ಮಣ್ಣೂರಿನಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ, ಹಳಗನ್ನಡದ ಪಾಠ ನಡೆದಿರುವಾಗಲೂ ನೋಟುಬುಕ್ಕಿನ ಅಂಚಿನಲ್ಲಿ ಮುಖಗಳನ್ನು ಬರೆಯುತ್ತ ಕೂಡುತ್ತಿದ್ದ. ಒಂದು ದಿನ ಗದರಿಸಿದೆ. ಮರುದಿನ ನೋಡಿದರೆ, ಗದರಿಸುವ ನನ್ನ ಮುಖವೇ ಅಲ್ಲಿತ್ತು! ಸಿಟ್ಟು ಬರುವ ಬದಲು ನಗು ಬಂತು. ತೀರಿಹೋದ ನಮ್ಮ ತಂದೆಯವರ ಮಾಸಿದ ಫೋಟೋವೊಂದನ್ನು ಕೊಟ್ಟು, ಇದನ್ನು ದೊಡ್ಡದಾಗಿ ಬರೆದುಕೊಡು ಎಂದೆ. ಹದಿನೈದು ದಿನಕ್ಕೆ ತಂದ. ತಂದೆಯವರೇ ಎದುರಿಗೆ ಬಂದು ಕುಳಿತಂತಿತ್ತು. ಹಣದ ಮಾತೆತ್ತಿದರೆ, “ನಿಮ್ಮ ಕಡೆ ರೊಕ್ಕ ಹ್ಯಾಂಗ ತಗೋಲ್ರಿ ಸರ್” ಎಂದ. ನನಗೂ ಒಳಗೊಳಗೆ ಅದೇ ಬೇಕಾಗಿತ್ತೋ ಏನೋ. “ಕಲೆ ಮಾರುವ ವಸ್ತುವಲ್ಲ” ಎಂಬ ದೊಡ್ಡ ಮಾತೊಂದನ್ನಾಡಿ ಕಳುಹಿಸಿಬಿಟ್ಟೆ. ಚೌಕಟ್ಟು ಹಾಕಿಸಲು ಆತ ಗೆಳೆಯರಲ್ಲಿ ಕೈಸಾಲ ಮಾಡಿದ್ದನೆಂಬುದು ಆಮೇಲೆ ತಿಳಿಯಿತು.

ಆ ದೊಡ್ಡ ಮಾತು ಎಷ್ಟರಮಟ್ಟಿಗೆ ನಿಜ? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ಚರಿತ್ರೆಯನ್ನೇ ತಿರುವಿ ನೋಡಬಹುದು.

ಈ ನಾಡಿನಲ್ಲಿ ಸಂತೋಷಕ್ಕಾಗಿ ಚಿತ್ರ ಬರೆದವರಲ್ಲಿ ಹೆಸರಾದವನು ಫಿಲಿಪ್ ಮೆಡೋಸ್ ಟೇಲರ್ (1808–1876). ನಿಜಾಮರ ಸೇವೆಯಲ್ಲಿದ್ದ ಈ ಆಂಗ್ಲ ಅಧಿಕಾರಿ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿದ. ಅವನ ದಖ್ಖಣದ ಚಿತ್ರಗಳು ಅದಕ್ಕೂ ಮೊದಲೇ, 1837ರಲ್ಲಿ, ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಹೊರಬಂದಿದ್ದವು. ನಮ್ಮ ಜೇವರ್ಗಿಯ ಬಳಿ ಪ್ರಾಗೈತಿಹಾಸಿಕ ಕಾಲದ ಕಲ್ಲುಗೋರಿಗಳನ್ನು ಅಗೆಸಿ, ಮಣ್ಣಿನ ಪದರಗಳೂ ಅಸ್ಥಿಗಳೂ ಇದ್ದುದನ್ನು ಇದ್ದಂತೆಯೇ ಅವನು ಬರೆದಿಟ್ಟ. ಒಂದು ಶತಮಾನದ ತರುವಾಯ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಆ ರೇಖಾಚಿತ್ರಗಳನ್ನು ಬಹುವಾಗಿ ಮೆಚ್ಚಿಕೊಂಡರು. ಹವ್ಯಾಸಿಯ ಕೈ ಇಷ್ಟು ದೊಡ್ಡ ಉಪಕಾರ ಮಾಡಬಲ್ಲದೆಂಬುದು ನಿರ್ವಿವಾದ. ಆದರೆ ಒಂದನ್ನು ಮರೆಯಬಾರದು: ಟೇಲರನ ಅನ್ನ ಕುಂಚದಿಂದ ಹುಟ್ಟಬೇಕಾಗಿರಲಿಲ್ಲ, ಅದಕ್ಕೆ ಸಂಬಳವಿತ್ತು.

ಅದೇ ಸುರಪುರದಲ್ಲಿ ಕುಂಚವನ್ನೇ ನಂಬಿ ಬಾಳಿದ ಮನೆತನಗಳೂ ಇದ್ದವು. ದೇವತೆಗಳನ್ನೂ ರಾಜರನ್ನೂ ನವುರಾದ ಗೆರೆಗಳಲ್ಲಿ ಮೂಡಿಸಿ, ಚಿನ್ನದ ಮೆರುಗು ಕೊಡುತ್ತಿದ್ದ ಸುರಪುರದ ಕಿರುಚಿತ್ರಗಳನ್ನು ಬಲ್ಲವರು ಗರುಡಾದ್ರಿ ಮನೆತನದ ಹೆಸರನ್ನು ಕೇಳಿಯೇ ಇರುತ್ತಾರೆ. ಇವರಿಗೆ ಆಶ್ರಯ ನಾಯಕ ಅರಸರ ಅರಮನೆ. ದೊರೆ ಹೇಳಿದ, ಇವರು ಬರೆದರು. ಹೇಳಿ ಬರೆಸಿದ್ದು ಎಂಬ ಕಾರಣಕ್ಕೆ ಆ ಚಿತ್ರಗಳ ಕಾಂತಿಯೇನೂ ಕುಂದಲಿಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧದ ದಂಗೆ ಮುರಿದು, ರಾಜಾ ವೆಂಕಟಪ್ಪ ನಾಯಕ ಸೆರೆಯಲ್ಲಿ ತೀರಿಕೊಂಡ, ಸಂಸ್ಥಾನವೂ ಅಳಿಯಿತು. ಟೇಲರನ ಸಂಬಳಕ್ಕೆ ಅದರಿಂದ ಕುಂದು ಬರಲಿಲ್ಲ. ಚಿತ್ರಗಾರರ ಪಾಲಿಗೆ ಮಾತ್ರ ಕೊಳ್ಳುವ ದೊಡ್ಡ ಮನೆಯೇ ಮುಚ್ಚಿತು.

ಅರಮನೆ ಇದ್ದಾಗಲೂ ಎಲ್ಲವೂ ಸುಖವೆನ್ನುವಂತಿಲ್ಲ. ಮೈಸೂರಿನ ಕೆ. ವೆಂಕಟಪ್ಪನವರನ್ನು (1886–1965) ನೋಡಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಕಲೆಯನ್ನು ತಪಸ್ಸೆಂದೇ ತಿಳಿದು ಬ್ರಹ್ಮಚಾರಿಯಾಗಿ ಉಳಿದವರು. ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಗಾರೆಯ ಉಬ್ಬುಚಿತ್ರಗಳನ್ನು ಮಾಡಿದರು. 1940ರಲ್ಲಿ ಮಹಾರಾಜರು ಕಾಲವಾದ ಮೇಲೆ, ಆ ಕೆಲಸದ ಹಣಕ್ಕಾಗಿ ಇಂಥ ತಪಸ್ವಿಯೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ತನ್ನ ದುಡಿಮೆಯ ಬೆಲೆ ಕೇಳಿದ್ದರಿಂದ ಅವರ ತಪಸ್ಸಿಗೆ ಭಂಗ ಬಂತೆಂದು ಯಾರಾದರೂ ಹೇಳಿಯಾರೆ?

ಅರಸರ ಕಾಲ ಮುಗಿದ ಮೇಲೆ ಚಿತ್ರಗಾರನ ಕೈ ಹಿಡಿದದ್ದು ಪೇಟೆ. ಈ ಮಾತಿಗೆ ಕಲಬುರಗಿಯ ಎಸ್. ಎಂ. ಪಂಡಿತರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1916ರಲ್ಲಿ ಹುಟ್ಟಿದ ಪಂಡಿತರು ಊರಿನಲ್ಲಿ ಶಂಕರರಾವ್ ಆಳಂದಕರರ ಬಳಿ ಮೊದಲ ಪಾಠ ಕಲಿತು, ಮದರಾಸಿಗೂ ಅಲ್ಲಿಂದ ಮುಂಬಯಿಗೂ ಹೋದರು. ಅಲ್ಲಿ ಸಿನಿಮಾ ಮಂದಿರಗಳಿಗೆ ಜಾಹೀರಾತಿನ ಚಿತ್ರ ಬರೆದರು. ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ಕ್ಯಾಲೆಂಡರುಗಳಿಗೆ ರಾಧಾಕೃಷ್ಣರನ್ನೂ ಶಿವಪಾರ್ವತಿಯರನ್ನೂ ಬರೆದರು. ಎಲ್ಲವೂ ಒಬ್ಬರು ಹೇಳಿ, ಹಣ ಕೊಟ್ಟು ಬರೆಸಿದ್ದು. “ಕ್ಯಾಲೆಂಡರ್ ಕಲೆ” ಎಂದು ಮೂಗು ಮುರಿದ ಪಂಡಿತಮಾನ್ಯರೂ ಇದ್ದರು. ಆದರೆ ಗ್ಯಾಲರಿಯ ಬಾಗಿಲನ್ನೇ ಕಾಣದ ಎಷ್ಟೋ ಮನೆಗಳ ಗೋಡೆಗೆ ನುರಿತ ಕೈಯ ಚಿತ್ರವೊಂದು ಬಂದದ್ದು ಆ ಕ್ಯಾಲೆಂಡರಿನಿಂದಲೇ ಅಲ್ಲವೆ? ಪಂಡಿತರು ಹುಟ್ಟೂರಿಗೆ ಮರಳಿ, 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರ ಅವರ ಹೆಸರನ್ನು ಹೊತ್ತಿದೆ.

ಮಾರಾಟದಲ್ಲಿ ಅಪಾಯವಿಲ್ಲವೆಂದು ನಾನು ಹೇಳಲಾರೆ. ಕೊಳ್ಳುವವನ ಇಚ್ಛೆಗೆ ಕುಣಿದು ಕುಣಿದು ಕೈ ಜಡ್ಡುಗಟ್ಟಬಹುದು. ಕಪ್ಪು ಮುಖವನ್ನು ಬೆಳ್ಳಗೆ ಬರೆ, ಇಲ್ಲದ ಸರವನ್ನು ಕೊರಳಿಗೆ ಹಾಕು ಎನ್ನುವ ಗಿರಾಕಿಗಳೂ ಉಂಟು. ಆದರೆ ಹೊಟ್ಟೆಗಿಲ್ಲದೆ ಪೆನ್ಸಿಲನ್ನೇ ಕೆಳಗಿಟ್ಟವನ ಕೈ ಇನ್ನೂ ಬೇಗ ಜಡ್ಡುಗಟ್ಟುತ್ತದೆ. ಬಡಗಿಗೆ, ಕಮ್ಮಾರನಿಗೆ ಕೂಲಿ ಕೊಡುವ ನಾವು ಚಿತ್ರಗಾರನಿಗೆ ಮಾತ್ರ “ಭೇಷ್” ಕೊಟ್ಟು ಕಳುಹಿಸುತ್ತೇವೆ. ಹಣ ಮುಟ್ಟದ ಚಿತ್ರವೇ ಶುದ್ಧವೆಂಬುದು, ತಿಂಗಳು ತುಂಬುತ್ತಲೇ ಸಂಬಳ ಎಣಿಸುವ ನನ್ನಂಥವರು ಕಟ್ಟಿದ ಮಾತು. ಟೇಲರನಿಗೆ ಅದು ಸಲ್ಲಬಹುದು. ಮಣ್ಣೂರಿನ ಹುಡುಗನಿಗೆ ಸಲ್ಲದು.

ಆತ ಈಗ ಊರೂರಿನವರಿಗೆ ಹಿರಿಯರ ಪಟ ಬರೆದುಕೊಡುತ್ತಾನೆ. ಈಚೆಗೆ ನಮ್ಮ ತಾಯಿಯವರ ಪಟ ಬರೆಸಬೇಕಾಯಿತು. ಈ ಸಲ ಬೆಲೆಯನ್ನು ಮೊದಲೇ ಕೇಳಿದೆ. ನೆಲ ನೋಡುತ್ತ ಹೇಳಿದ. ಅರ್ಧ ಹಣ ಮುಂಗಡ ಕೊಟ್ಟೆ, ಉಳಿದದ್ದನ್ನು ಪಟ ಬಂದ ದಿನ ಮುಟ್ಟಿಸಿದೆ. ತಂದೆಯವರ ಪಟದ ಲೆಕ್ಕ ಎತ್ತಿದರೆ ಮಾತ್ರ “ಅದು ಬಿಡ್ರಿ ಸರ್” ಎನ್ನುತ್ತಾನೆ. ಬಿಡಲು ನನಗೆ ಮನಸ್ಸಿಲ್ಲ.